ನೊರೆ ಬಾರದ ನೀರು

ಬೆಟಗೇರಿಯ ನಮ್ಮ ಓಣಿಯಲ್ಲಿ ಬೇಳೆ ಅಂದರೆ ರೋಶನಬಿ ಮಾಡಿದ ಬೇಳೆ ಎಂಬ ಮಾತಿತ್ತು. ಹಾಗೆ ಹೊಗಳಿ ಹೊಗಳಿ ಬಟ್ಟಲು ತುಂಬಿಸಿಕೊಂಡು ಬಂದವರಲ್ಲಿ ನಾನೂ ಒಬ್ಬಳು. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಅವಳ ಸೊಸೆ ನಜಮಾ ಕೊರ್ಲಹಳ್ಳಿಯವಳು, ತುಂಗಭದ್ರೆಯ ನೀರು ಕುಡಿದು ಬೆಳೆದವಳು. ಎಪ್ಪತ್ತೊಂಬತ್ತರಲ್ಲಿ ಮದುವೆಯಾಗಿ ಬಂದಳು. ನಮ್ಮ ನಳಕ್ಕೆ ಆಗ ಬರುತ್ತಿದ್ದುದು ಕೊಳವೆಬಾವಿಯ ಗಡಸು ನೀರು. ಕೊಡದ ಒಳಗೆ ಬಿಳಿ ಪದರು ಕಟ್ಟುತ್ತಿತ್ತು, ಮಿಂದರೆ ಕೂದಲು ಅಂಟಂಟಾಗುತ್ತಿತ್ತು. ಆ ನೀರಿನಲ್ಲಿ ನಜಮಾ ಇಟ್ಟ ತೊಗರಿಬೇಳೆ ಎರಡು ತಾಸು ಕುದಿದರೂ ಮೆತ್ತಗಾಗುತ್ತಿರಲಿಲ್ಲ.

"ಇಕಿ ಕೈಯಾಗ ಬರಕತ್ತ ಇಲ್ಲ. ಹೌದಿಲ್ಲೋ ಸಾವಕ್ಕ?" ಎಂದು ರೋಶನಬಿ ನಳದ ಹತ್ತಿರ ಎಲ್ಲರೆದುರು ನನ್ನನ್ನು ಕೇಳುತ್ತಿದ್ದಳು. ನಾನು ಹ್ಞೂಂ ಎನ್ನುತ್ತಿದ್ದೆ. ಆರು ತಿಂಗಳಲ್ಲಿ ಸೊಸೆಯನ್ನು ತವರಿಗೆ ಅಟ್ಟುವ ಮಾತು ಬಂತು. ಗಂಡ ಮರ್ದಾನಸಾಬನೆಂಬ ಪುಣ್ಯಾತ್ಮ ತಾಟು ನೂಕಿ ಏಳುವುದು ಬಿಟ್ಟರೆ ಬಾಯಿ ಬಿಡಲಿಲ್ಲ.

ಮಗಳನ್ನು ಕರೆದುಕೊಂಡು ಹೋಗು ಎಂದು ಹೇಳಿಕಳಿಸಿದ್ದಕ್ಕೆ ಅವಳ ಅಪ್ಪ ಇಸ್ಮಾಯಿಲಸಾಬ ಬಂದ. ಮಗಳು ಹೇಳಿದ್ದಂತೆ ಒಂದು ಕೊಡ ಹೊಳೆನೀರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ.

ಅಂಗಳದಲ್ಲಿ ಓಣಿಯ ಹಿರಿಯರು ಕೂತಿದ್ದರು. ನಜಮಾ ಒಂದು ಬಾಟಲಿಗೆ ಹೊಳೆನೀರು, ಇನ್ನೊಂದಕ್ಕೆ ನಳದ ನೀರು ಹಾಕಿ, ಎರಡಕ್ಕೂ ಅಷ್ಟಷ್ಟೇ ಸಾಬೂನು ಹೆರೆದು ಕುಲುಕಿದಳು. ಹೊಳೆನೀರಿನ ಬಾಟಲಿ ಕುತ್ತಿಗೆಯ ತನಕ ನೊರೆಯಾಯಿತು. ನಳದ ನೀರು ಒಡೆದ ಹಾಲಿನ ಹಾಗೆ ಕೊಳಕಾಯಿತೇ ಹೊರತು ನೊರೆ ಬರಲಿಲ್ಲ.

"ನೊರೀನ ಬರಲಾರದ ನೀರಾಗ ಬ್ಯಾಳಿ ಹ್ಯಾಂಗ ಕುದಿತೈತಿ, ನೀವ ಹೇಳ್ರಿ," ಎಂದಳು.

"ಇದ ನೀರಾಗ ನಾ ಇಪ್ಪತ್ತ ವರ್ಷ ಕುದಿಸೀನಿ. ನೋಡ್ರಿ ಬೇಕಾದ್ರ!" ಎಂದು ರೋಶನಬಿ ಅಂಗಳದ ಒಲೆಯ ಮೇಲೆ ನಳದ ನೀರಿಟ್ಟು ಬೇಳೆ ಸುರಿದಳು. ನಜಮಾ ಒಲೆಯ ಹತ್ತಿರ ಸರಿದು ನಿಂತಳು.

ನೀರು ಕುದಿ ಬಂತು. ರೋಶನಬಿ ಬೀಗನನ್ನು ಬೈಯುವ ಭರದಲ್ಲಿದ್ದಳು. ಬೈಯುತ್ತಲೇ ಅವಳ ಕೈ ದಿನದ ರೂಢಿಯಂತೆ ಸೊಂಟದ ಎಲೆ ಅಡಿಕೆ ಸಂಚಿಗೆ ಹೋಯಿತು, ಚಿಟಿಕೆ ಬಿಳಿ ಪುಡಿ ತೆಗೆದು ಬೇಳೆಗೆ ಹಾಕಿತು. ಗಡಿಗೆ ಬುಸ್ಸೆಂದು ಉಕ್ಕಿತು. ಅಡುಗೆ ಸೋಡಾ! ಅವಳಿಗೆ ಎಚ್ಚರವಾದದ್ದೂ ಆಗಲೇ.

"ಸೋಡಾ ಹಾಕಿದ್ರ ಕುದಿತೈತಿ ಅಂತ ನಿಮಗ ಗೊತ್ತಿತ್ತು," ಎಂದಳು ನಜಮಾ. "ಒಂದ ಮಾತ ಹೇಳಬಾರದಾಗಿತ್ತೇನ್ರಿ ಅತ್ತಿ?"

"ನಮ್ಮತ್ತಿ ನನಗೇನ ಹೇಳಿದ್ಲು? ಹೊಡತ ತಿಂದು, ಕದ್ದು ನೋಡಿ ಕಲ್ತೀನಿ."

ದನಿಯಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಥೂ!

ಹಿರಿಯರೇನು ಕಡಿಮೆಯೇ? "ಆತು ಬಿಡ್ರಿ, ಹೆಂಗಸರ ಜಗಳ," ಎಂದು ಅದೇ ಬೇಳೆಯನ್ನು ರೊಟ್ಟಿಗೆ ಹಚ್ಚಿಕೊಂಡು ಉಂಡು ಎದ್ದರು. ಮರ್ದಾನಸಾಬ ಎರಡು ಸಲ ಹಾಕಿಸಿಕೊಂಡ.

ನಜಮಾ ಅಪ್ಪನ ಜೊತೆ ಹೋಗಲಿಲ್ಲ. ಮರುದಿನ ನಳದ ಹತ್ತಿರ, ಓಣಿಗೆ ಹೊಸದಾಗಿ ಬಂದಿದ್ದ ಇನ್ನೊಬ್ಬ ಸೊಸೆಗೆ ಸೋಡಾದ ಸಂಗತಿಯನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ ನನ್ನತ್ತ ತಿರುಗಿದಳು.

"ಸಾವಕ್ಕ, ನೀವೂ ಇದ ನಳದ ನೀರ ಒಯ್ತೀರಿ. ನಿಮ್ಮ ಬ್ಯಾಳಿಗೆ ಏನ ಹಾಕ್ತೀರಿ?"

ನಾನು ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ಬಂದೆ. ನನ್ನ ಸೋಡಾ ಪುಡಿಕೆ ಜೀರಿಗೆ ಡಬ್ಬಿಯ ಹಿಂದೆ ಇತ್ತು.