ಸಾಲಿನ ಕೊನೆಗೊಬ್ಬ ಮನುಷ್ಯ

ಹುಳಿಯಾರಿನ ತೆಂಗು ಬೆಳೆಗಾರರ ಸಂಘದಲ್ಲಿ ಶಾಂತಕುಮಾರಿಯದು ಗುಮಾಸ್ತೆಯ ಹುದ್ದೆ. ಆದರೆ ಬೀಗ ತೆಗೆಯುವುದು, ಸಭೆಯ ನೋಟಿಸು ಟೈಪು ಮಾಡುವುದು, ಯುಪಿಎಸ್ ಮುನಿಸಿಕೊಂಡರೆ ಎರಡು ಏಟು ಕೊಟ್ಟು ಎಬ್ಬಿಸುವುದು, ಎಲ್ಲ ಅವಳದೇ. ತವರು ಅರಳಗುಪ್ಪೆ. ಹರೆಯದಲ್ಲಿ ತಿಪಟೂರಿಗೆ ಓಡಾಡಿ ಟೈಪಿಂಗ್ ಕಲಿತವಳು. ಅವಳಿಗೀಗ ನಲವತ್ತೇಳು. ಇವತ್ತಿಗೂ ಕಂಪ್ಯೂಟರಿನ ಕೀಲಿಗಳನ್ನು ಅವಳು ಕುಟ್ಟುವ ಸದ್ದು ರಸ್ತೆಗೆ ಕೇಳುತ್ತದೆ.

ಈ ಸಂಘಕ್ಕೆ ಮೇಲ್‌ಗಳನ್ನು ಪಡೆದು ಹಂಚುವ ತನ್ನದೇ ಸರ್ವರ್ ಇದೆ ಎಂದರೆ ಯಾರೂ ನಂಬುವುದಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ ಜ್ಞಾನೇಶ್ ಮೇಷ್ಟ್ರು ಹುಮ್ಮಸ್ಸಿನಿಂದ ಅದನ್ನು ಕಟ್ಟಿಕೊಟ್ಟಿದ್ದರು. ಬಳ್ಳಾರಿಗೆ ವರ್ಗವಾದಾಗ ಒಂದು ನೋಟ್‌ಬುಕ್ ಕೈಗಿಟ್ಟು, “ಎಲ್ಲ ಬರೆದಿಟ್ಟಿದೀನಿ ಮೇಡಂ, ಹೆದರ್ಕೋಬೇಡಿ” ಎಂದು ಹೇಳಿ ಹೊರಟರು. ಹೆದರಬೇಡಿ ಎಂದವರು ದೂರ ಹೋಗುವುದು, ಹೆದರುವವರು ಅಲ್ಲೇ ಉಳಿಯುವುದು ಎಲ್ಲ ಕಡೆಯೂ ನಡೆಯುವುದೇ.

ಕಳೆದ ಬೇಸಿಗೆಯಲ್ಲಿ ಕೆಂಕೆರೆ ಕಡೆಯ ತೋಟಗಳಿಗೆ ಕಪ್ಪುತಲೆ ಹುಳು ಬಿತ್ತು. ತೆಂಗಿನ ಗರಿಯ ಹಸಿರನ್ನೆಲ್ಲ ಕೆರೆದು ತಿಂದು, ಮರಕ್ಕೆ ಬೆಂಕಿ ಬಿದ್ದಿತೇನೋ ಅನ್ನುವಂತೆ ಒಣಗಿಸುವ ಪಿಡುಗು ಅದು. ಆ ಹುಳುವನ್ನು ಕೊಲ್ಲುವ ಸಣ್ಣ ಕೀಟಗಳನ್ನು ಪ್ರಯೋಗಾಲಯದವರು ಸಾಕಿ, ಕೊಳವೆಗಳಲ್ಲಿ ತುಂಬಿ ರೈತರಿಗೆ ಕೊಡುತ್ತಾರೆ. ರೈತರು ಅವನ್ನು ‘ಒಳ್ಳೆ ಹುಳ’ ಎನ್ನುತ್ತಾರೆ. ಕೊಳವೆಯೊಳಗೆ ಅವು ನಾಲ್ಕಾರು ದಿನ ಬದುಕಿದರೆ ಹೆಚ್ಚು. ಯಾವತ್ತು ಬಂದು ಒಯ್ಯಬೇಕೆಂದು ಪ್ರಯೋಗಾಲಯ ಸಂಘಕ್ಕೆ ಮೇಲ್ ಮಾಡುತ್ತದೆ.

ಆ ಮೇಲ್ ಬಂದಿತ್ತು. ಬಂದದ್ದು ಮಾತ್ರ ಕರಿಬಸವಯ್ಯನವರ ಹೆಸರಿಗೆ. ಇಪ್ಪತ್ತೆರಡು ವರ್ಷ ಕಾರ್ಯದರ್ಶಿಯಾಗಿದ್ದ ಅವರು ಮಾರ್ಚಿನಲ್ಲಿ ನಿವೃತ್ತರಾಗಿದ್ದರು. ಈ ಸೀಮೆಯಲ್ಲಿ ಸಂಘವನ್ನು ಅದರ ಹೆಸರು ಹಿಡಿದು ಕರೆಯುವವರಿಲ್ಲ. ‘ಕರಿಬಸವಯ್ಯನ ಸಂಘ’ ಎಂದೇ ವಾಡಿಕೆ. ಮೇಲ್ ವಿಳಾಸ ಮಾಡುವಾಗಲೂ ಹಾಗೆಯೇ ಮಾಡಿದ್ದರು. ಮನುಷ್ಯ ಮನೆಗೆ ಹೋದ ಮೇಲೆ ವಿಳಾಸವನ್ನು ಯಾರೂ ತೆರೆದು ನೋಡಲಿಲ್ಲ. ಶಾಂತಕುಮಾರಿ ಅದನ್ನು ತೆರೆಯುವ ಹೊತ್ತಿಗೆ ಇಪ್ಪತ್ತಮೂರು ದಿನ ಕಳೆದಿತ್ತು, ಕೊಳವೆಯಲ್ಲಿದ್ದ ಕೀಟಗಳೆಲ್ಲ ಸತ್ತಿದ್ದವು.

ಕೆಂಕೆರೆಯ ದುರ್ಗಯ್ಯ ಕಚೇರಿಗೆ ಬಂದ. ಅವನ ತೋಟದಲ್ಲಿ ಇದ್ದದ್ದೇ ನಲವತ್ತು ಮರ. ಇಪ್ಪತ್ತೆರಡು ಆಗಲೇ ಕರಕಲಾಗಿದ್ದವು. ಅವನು ಕೂಗಾಡಲಿಲ್ಲ. ಬೂದಿ ಬಣ್ಣಕ್ಕೆ ತಿರುಗಿದ ಒಂದು ಗರಿಯನ್ನು ಅವಳ ಮೇಜಿನ ಮೇಲಿಟ್ಟು, “ಇನ್ನ ಹದಿನೆಂಟು ಹಸಿರಾಗವೆ ಕಣವ್ವ. ಮುಂದಿನ ಸತಿಯಾದ್ರೂ ಹೇಳ್ಕಳ್ಸಿ” ಎಂದು ಹೊರಟುಹೋದ. ಅವನು ಬೈದಿದ್ದರೆ ಅವಳೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ಆವತ್ತು ಊಟದ ಡಬ್ಬಿಯನ್ನು ತೆರೆಯದೆಯೇ ಮನೆಗೆ ಒಯ್ದಳು. ಮುಂದಿನ ಸಲ ಕೀಟ ಕೊಡುವುದು ನವೆಂಬರಿನಲ್ಲಿ. ಅಷ್ಟರೊಳಗೆ ಇದನ್ನು ಸರಿಮಾಡದಿದ್ದರೆ ನನ್ನ ಹೆಸರು ಶಾಂತಕುಮಾರಿಯೇ ಅಲ್ಲ ಎಂದುಕೊಂಡಳು.

ಮಾರನೆಯ ದಿನವೇ ಜ್ಞಾನೇಶರ ನೋಟ್‌ಬುಕ್ ಬಿಡಿಸಿ ಕೂತಳು. ಅಲಿಯಾಸ್ ಎಂದರೆ ಪೇಪರಿನಲ್ಲಿ ಕಳ್ಳರಿಗಿರುವ ಎರಡನೇ ಹೆಸರು ಎಂದಷ್ಟೇ ಅವಳಿಗೆ ಗೊತ್ತಿತ್ತು. ಇಲ್ಲಿ ನೋಡಿದರೆ ಅದೊಂದು ಉದ್ದನೆಯ ಪಟ್ಟಿ. ಒಂದೊಂದು ಸಾಲಿನಲ್ಲೂ ಎಡಗಡೆ ಒಂದು ವಿಳಾಸ, ಬಲಗಡೆ ಅದಕ್ಕೆ ಬಂದದ್ದು ಯಾರಿಗೆ ಹೋಗಬೇಕೆಂಬ ವಿಳಾಸ. ಬಲಗಡೆ ಇಬ್ಬರನ್ನು, ಮೂವರನ್ನು ಬರೆದರೂ ನಡೆಯುತ್ತದೆ. ಬರೆದು ಸುಮ್ಮನಾದರೆ ಮಾತ್ರ ಸಾಲದು, ಪಟ್ಟಿಯನ್ನು ಮತ್ತೆ ಓದು ಎಂದು ಸರ್ವರಿಗೆ ಅಪ್ಪಣೆ ಕೊಡಬೇಕು. ಈ ಕೊನೆಯ ಮಾತು ತಿಳಿಯದೆ ಮೂರು ದಿನ ಒದ್ದಾಡಿದಳು. ನಾಲ್ಕನೆಯ ದಿನ ತಾನೇ ಕಳಿಸಿದ ಮೇಲ್ ತನಗೇ ಬಂದಾಗ, ಹಬ್ಬ ಬಂದಷ್ಟು ಖುಷಿಪಟ್ಟಳು.

ಇನ್ನು ಮುಂದೆ ವಿಳಾಸ ಮನುಷ್ಯನ ಹೆಸರಿನಲ್ಲಿರಬಾರದು, ಕೆಲಸದ ಹೆಸರಿನಲ್ಲಿರಬೇಕು ಎಂದು ಅವಳು ತೀರ್ಮಾನಿಸಿದಳು. ‘ಹುಳ’ ಎಂದೊಂದು ವಿಳಾಸ ಮಾಡಿ ಪ್ರಯೋಗಾಲಯಕ್ಕೆ ತಿಳಿಸಿದಳು. ಅದಕ್ಕೆ ಬಂದದ್ದು ‘ಹುಳಿಯಾರು’ ಎಂಬ ಕಚೇರಿ ವಿಳಾಸಕ್ಕೆ, ಅಲ್ಲಿಂದ ಅವಳಿಗೆ. ‘ತುರುವೇಕೆರೆ’ಗೆ ಬಂದದ್ದು ಅಲ್ಲಿನ ಶಾಖೆಯ ಸೂರ್ಯಪ್ರಕಾಶನಿಗೆ. ಉಳಿದದ್ದು ಕರಿಬಸವಯ್ಯನವರ ಹಳೆಯ ವಿಳಾಸ. ಅವರನ್ನು ಕೇಳದೆ ಅದನ್ನು ಮುಟ್ಟಲು ಮನಸ್ಸು ಒಪ್ಪದೆ, ಅವರ ಮನೆಗೇ ಹೋದಳು.

ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಮೇಲೆ ಹಿರಿಯರು ಕನ್ನಡಕ ತೆಗೆದರು. “ನನ್ನ ಹೆಸರಿಗೆ ಬಂದಿದ್ದನ್ನ ಇನ್ನೊಬ್ರು ಓದ್ತಾರೆ ಅನ್ನು. ಬದುಕಿದ್ದಂಗೇ ತಿಥಿ ಮಾಡ್ತಿದೀಯ ಕಣಮ್ಮ.”

“ಬುಡ್ತು ಅನ್ನಿ ಸಾರ್. ನಿಮ್ಮ ಹೆಸರು ಎಲ್ಲೂ ಹೋಗಲ್ಲ. ಆ ಹೆಸರಿಗೆ ಬಂದಿದ್ದು ಕಚೇರಿಗೂ ಬರುತ್ತೆ, ನಿಮ್ಮ ಮನೆ ಮೇಲ್‌ಗೂ ಬರುತ್ತೆ. ಒಂದೇ ಸಾಲಲ್ಲಿ ಇಬ್ರನ್ನೂ ಬರೀತೀನಿ. ನೀವು ಬ್ಯಾಡ ಅಂದ್ರೆ ಈಗ್ಲೇ ಎದ್ದು ಹೋಗ್ತೀನಿ. ಆದ್ರೆ ದುರ್ಗಯ್ಯನ ತ್ವಾಟನ ಒಂದ್ಸಲ ನೋಡ್ಕೊಂಡು ಬಂದು ಬ್ಯಾಡ ಅನ್ನಿ.”

ಕರಿಬಸವಯ್ಯನವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಅವಳು ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ, “ಬರ್ಕೊ” ಎಂದರು. ಆ ಒಂದು ಮಾತು ಹೇಳಲು ಅವರಿಗೆಷ್ಟು ಕಷ್ಟವಾಯಿತೆಂದು ಅವಳಿಗೆ ಗೊತ್ತಾಯಿತು, ಅವರ ಮೇಲಿದ್ದ ಗೌರವ ಇನ್ನಷ್ಟು ಹೆಚ್ಚಿತು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಕೆಟ್ಟದ್ದು ಮದುವೆ ಮನೆಯಲ್ಲಿ.

ನವೆಂಬರಿನಲ್ಲಿ ಅವಳ ಅಣ್ಣನ ಮಗಳ ಮದುವೆ ಬಂತು. ಅರಳಗುಪ್ಪೆಗೆ ಹೊರಡುವ ಮುಂಚೆ, ‘ಹುಳಿಯಾರು’ ವಿಳಾಸಕ್ಕೆ ಬಂದದ್ದೆಲ್ಲ ನಾಲ್ಕು ದಿನ ‘ತುರುವೇಕೆರೆ’ಗೆ ಹೋಗಲಿ ಎಂದು ಬರೆದಿಟ್ಟು ಹೋದಳು. ಅಲ್ಲಿ ಎಲೆಯ ಮುಂದೆ ಕೂತು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಸೂರ್ಯಪ್ರಕಾಶನ ಫೋನು. “ಅಕ್ಕ, ನಾಳೆಯಿಂದ ತ್ವಾಟದಲ್ಲಿ ಕಾಯಿ ಕೀಳುಸ್ತಾ ಇದೀನಿ. ತುರುವೇಕೆರೆಗೆ ಬರೋದನ್ನ ಒಸಿ ನಿಮ್ಮ ಹುಳಿಯಾರಿಗೆ ತಿರುಗಿಸ್ಬುಡಿ.” ಶುಭಕಾರ್ಯದ ಮನೆಯಲ್ಲಿ ಕೂತು ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿ ಅವರ ಕಡೆ ಇಲ್ಲ. “ಆಯ್ತು ಕಣಪ್ಪ, ಅದಕ್ಕೇನಂತೆ” ಎಂದವಳು ಕೈ ತೊಳೆದು, ಫೋನಿನಲ್ಲೇ ಆ ಸಾಲನ್ನೂ ಬರೆದು, ಓದು ಎಂದು ಅಪ್ಪಣೆಯನ್ನೂ ಕೊಟ್ಟಳು. ಮೊದಲು ತಾನೇ ಬರೆದದ್ದು ನೆನಪಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ಬಂದು ಸರ್ವರಿನ ದಾಖಲೆ ತೆರೆದಳು. ಸೋಮವಾರ ಪ್ರಯೋಗಾಲಯದಿಂದ ‘ಹುಳ’ಕ್ಕೆ ಮೇಲ್ ಬಂದಿತ್ತು. ಅದು ಹುಳಿಯಾರಿಗೆ ಹೋಗಿ, ಅಲ್ಲಿಂದ ತುರುವೇಕೆರೆಗೆ ಹೋಗಿ, ಮತ್ತೆ ಹುಳಿಯಾರಿಗೆ ಬಂದು, ಬಾಗಿಲಲ್ಲಿ ನಿಂತು ನೀವು ಮೊದಲು, ನೀವು ಮೊದಲು ಅನ್ನುವ ಬೀಗರ ಹಾಗೆ ಸುತ್ತಿತ್ತು. ಸುತ್ತಿ ಸುತ್ತಿ ಸಾಕಾಗಿ, ಕೊನೆಗೆ ಸರ್ವರ್ ಅದನ್ನು ಬಂದ ದಾರಿಯಲ್ಲೇ ವಾಪಸು ಕಳಿಸಿತ್ತು. ಒಳಗೆ ಏನು ಬರೆದಿತ್ತೋ ಯಾರಿಗೂ ಗೊತ್ತಿಲ್ಲ.

ಪ್ರಯೋಗಾಲಯಕ್ಕೆ ಫೋನು ಮಾಡಿದಳು. ಗಂಟೆ ಹೊಡೆದೇ ಹೊಡೆಯಿತು, ಯಾರೂ ಎತ್ತಲಿಲ್ಲ. ತನ್ನ ಕೈಯಾರೆ ಆದದ್ದು ಎಂದು ನಾಚಿಕೆಯಾಯಿತು. ಆದರೆ ಅಳುತ್ತ ಕೂರುವ ಪೈಕಿಯಲ್ಲ ಅವಳು. ತಪ್ಪು ನಮ್ಮದು, ದಯವಿಟ್ಟು ಇನ್ನೊಮ್ಮೆ ಕಳಿಸಿ ಎಂದು ನಾಲ್ಕು ಸಾಲು ಕುಟ್ಟಿ ಕಳಿಸಿದಳು. ಆಮೇಲೆ ಪಟ್ಟಿ ಬಿಚ್ಚಿ ಯೋಚಿಸಿದಳು. ಕಚೇರಿ ಇನ್ನೊಂದು ಕಚೇರಿಯ ಕಡೆ ಕೈ ತೋರಿಸಿದರೆ ಹೀಗೇ ಆಗುವುದು. ಪ್ರತಿ ಸಾಲಿನ ಕೊನೆಗೂ ಒಬ್ಬ ಮನುಷ್ಯ ಇರಬೇಕು. ಹುಳು ಯಾರ ಮರ ತಿನ್ನುತ್ತಿದೆಯೋ ಅವನಿಗಿಂತ ಬೇರೆ ಮನುಷ್ಯ ಬೇಕೆ?

ಮಧ್ಯಾಹ್ನ ದುರ್ಗಯ್ಯನನ್ನು ಕರೆಸಿ, ಅವನಿಗೆ ಫೋನು ಮಾರಿದ್ದ ವಸೀಮನ ಅಂಗಡಿಗೆ ಕರೆದೊಯ್ದಳು. “ನಂಗ್ಯಾವ ಮೇಲವ್ವ?” ಎಂದ ದುರ್ಗಯ್ಯ. ವಸೀಮ್ ನಕ್ಕು, “ಫೋನ್ ಕೊಡುವಾಗ್ಲೇ ನಿಮ್ಮ ಹೆಸ್ರಲ್ಲಿ ಮಾಡ್ಕೊಟ್ಟಿದೀನಿ ಯಜಮಾನ್ರೇ, ನೀವು ನೋಡೇ ಇಲ್ಲ” ಎಂದು ತೆರೆದು ತೋರಿಸಿ, ಮೇಲ್ ಬಂದರೆ ಜೋರಾಗಿ ಸದ್ದಾಗುವಂತೆ ಮಾಡಿಕೊಟ್ಟ. ಶಾಂತಕುಮಾರಿ ಕಚೇರಿಗೆ ಮರಳಿ, ‘ಹುಳಿಯಾರು’ ಮತ್ತೆ ತನಗೇ ಬರುವಂತೆ ಮಾಡಿ, ‘ಹುಳ’ದ ಬಲಗಡೆ ಮೂವರನ್ನು ಬರೆದಳು: ತಾನು, ಸೂರ್ಯಪ್ರಕಾಶ, ದುರ್ಗಯ್ಯ. ಪರೀಕ್ಷೆಗೆಂದು ಒಂದು ಮೇಲ್ ಬಿಟ್ಟು, ಮೂವರಿಗೂ ತಲುಪಿತೆಂದು ಖಾತ್ರಿ ಮಾಡಿಕೊಂಡೇ ಎದ್ದಳು.

ಬುಧವಾರ ನಲ್ಲಿಯಲ್ಲಿ ನೀರು ಬಿಡುವ ದಿನ. ಬಿಂದಿಗೆಗಳ ಗಡಿಬಿಡಿಯಲ್ಲಿ ಅವಳು ಫೋನು ನೋಡಲೇ ಇಲ್ಲ. ಕಚೇರಿಗೆ ಬಂದು ಕಂಪ್ಯೂಟರ್ ತೆರೆದಾಗ ಹತ್ತೂಕಾಲು. ಪ್ರಯೋಗಾಲಯದ ಮೇಲ್ ಬೆಳಿಗ್ಗೆ ಏಳಕ್ಕೇ ಬಂದು ಕೂತಿತ್ತು: ಕೆಂಕೆರೆ ಪಾಲಿನ ಕೊಳವೆಗಳು ಸಿದ್ಧವಾಗಿವೆ, ಹನ್ನೊಂದರೊಳಗೆ ಬಂದು ಒಯ್ಯದಿದ್ದರೆ ಬೇರೆ ಊರಿಗೆ ಕೊಡಲಾಗುವುದು. ಪ್ರಯೋಗಾಲಯ ಇರುವುದು ತಿಪಟೂರಿನಾಚೆ. ರೆಕ್ಕೆ ಕಟ್ಟಿಕೊಂಡು ಹಾರಿದರೂ ಮುಕ್ಕಾಲು ಗಂಟೆಯಲ್ಲಿ ಮುಟ್ಟುವ ದಾರಿಯಲ್ಲ. ದುರ್ಗಯ್ಯನಿಗೆ ಫೋನು ಹಚ್ಚಿದಳು.

“ದುರ್ಗಯ್ಯ, ಎಲ್ಲಿದೀಯಪ್ಪ?”

“ಬಸ್ಸಲ್ಲಿವ್ನಿ ಕಣವ್ವ. ತಿಪಟೂರಿಂದ ವಾಪಸ್ ಬತ್ತಾ ಇವ್ನಿ. ಡಬ್ಬ ತೊಡೆ ಮ್ಯಾಲೆ ಐತೆ.”

“ಜೀವ ಇದೆಯಾ ನೋಡಪ್ಪ?”

“ಕೊಳವೆ ಒಳಗೆ ಓಡಾಡ್ತಾ ಅವೆ. ಬೆಳಗ್ಗೆ ಫೋನು ಬಡ್ಕೊಂತು, ಅಕ್ಷರ ಕೂಡಿಸ್ಕೊಂಡು ಓದ್ದೆ, ಬಸ್ ಹತ್ತಿದೆ. ನಿಮ್ಮುನ್ನ ಕೇಳ್ಬೇಕಿತ್ತೇನೋ, ಕೇಳ್ಲಿಲ್ಲ.” ಬಸ್ಸಿನ ಹಾರನ್ನಿನ ನಡುವೆ ಅವನು ದನಿ ಏರಿಸಿದ. “ಇಷ್ಟು ವರ್ಷ ಏನೇ ಬಂದ್ರೂ ಯಾರಾದ್ರೂ ಬಂದು ಹೇಳಿದ್ರೆ ಉಂಟು, ಇಲ್ದಿದ್ರೆ ಇಲ್ಲ. ಇವತ್ತು ನಂಗೇ ಬಂತು ಕಣವ್ವ.”

ಶಾಂತಕುಮಾರಿ ಫೋನನ್ನು ಕಿವಿಯಿಂದ ತೆಗೆಯದೆ, ಕಚೇರಿಯೆಂದೂ ನೋಡದೆ ಅತ್ತಳು.