ಎರಡೂ ಕಡೆಗೆ ಒಬ್ಬನೇ ಟೈಪಿಸ್ಟ್

ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಅದರ ಮೇಲೆ ಟೈಪಿಂಗ್ ಸೀನಿಯರ್ ಪಾಸು ಮಾಡಿಕೊಂಡು, ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ಒಂದು ರಸ್ತೆಯಲ್ಲಿ ಮಹಡಿ ಕೋಣೆ ಹಿಡಿದು ಬಹಳ ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಲಿಯಲು ಬರುವವರೇ ಇಲ್ಲವಾದರು. ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿ, ಕೆಲವು ಹಳೆಯ ಕಂಪ್ಯೂಟರು ತಂದಿಟ್ಟು ಬ್ರೌಸಿಂಗ್ ಸೆಂಟರ್ ಮಾಡಿದೆ. ಬೋರ್ಡು ಬದಲಾಯಿತು, ಆದರೆ ಜನ ನನ್ನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಆ ಮರ್ಯಾದೆಯ ಹೆಸರಿನ ಮರೆಯಲ್ಲಿ ಕೂತು ನಾನು ಮಾಡಿದ ಕೆಲಸವೊಂದಿದೆ. ಈಗ ನನಗೆ ವಯಸ್ಸಾಗಿದೆ, ಹೇಳಿಬಿಡುತ್ತೇನೆ.

ಆಗ ಸಂಜೆ ಕಾಫಿಗೆ ನಾವು ಮೂವರು ಜೊತೆ. ಒಬ್ಬರು ನಾಲ್ಕನೇ ಬ್ಲಾಕಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಇನ್ನೊಬ್ಬರು ಗದಗಿನ ಕಡೆಯಿಂದ ಹೊಸದಾಗಿ ಬಂದು ಹತ್ತಿರದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದರು. ನಮ್ಮಿಬ್ಬರಿಗಿಂತ ಚಿಕ್ಕವರು. ಬಿಟಿಎಂ ಲೇಔಟಿನಲ್ಲಿ ಅವರಿಗೆ ಬಾಡಿಗೆ ಮನೆ ಕೊಡಿಸಿದ್ದು ಯಜಮಾನರೇ. ಮನೆ ಅವರ ಭಾವಮೈದುನನದು. ಮೂವರಿಗೂ ಕ್ರಿಕೆಟ್ ಹುಚ್ಚು, ಅದೇ ನಮ್ಮನ್ನು ಸೇರಿಸಿದ್ದು.

ದರ್ಶಿನಿಯಲ್ಲಿ ನಿಂತು ಟೂ ಬೈ ತ್ರೀ ಕುಡಿಯುತ್ತಿದ್ದೆವು, ಎರಡು ಕಾಫಿ ಮೂರು ಲೋಟ. ಅಲ್ಲಿ ಮೊದಲು ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು. ಆದ್ದರಿಂದ ಕುಡಿದಾದ ಮೇಲೆ ಹಂಚಿಕೊಳ್ಳುವ ಮಾತಿಲ್ಲ. ಒಂದು ದಿನ ಒಬ್ಬರು, ಮರುದಿನ ಇನ್ನೊಬ್ಬರು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಸಣ್ಣತನ. ಯಜಮಾನರು ಮಾತ್ರ ಕೌಂಟರ್ ಹತ್ತಿರ ಬಂದ ಕೂಡಲೇ ನಿಂತು ಗೋಡೆಯ ಮೇಲಿನ ತಿಂಡಿ ಪಟ್ಟಿಯನ್ನು ಮೊದಲ ಸಲ ನೋಡುವವರಂತೆ ಓದತೊಡಗುತ್ತಿದ್ದರು. ಇಡ್ಲಿಯಿಂದ ಶುರುಮಾಡಿ ಬಾದಾಮಿ ಹಾಲಿಗೆ ಬರುವಷ್ಟರಲ್ಲಿ ನಮ್ಮಲ್ಲೊಬ್ಬರ ಕೈಯಲ್ಲಿ ಟೋಕನ್ ಇರುತ್ತಿತ್ತು. ಒಂದು ಸಲ ಗದಗಿನವರು ನಗುತ್ತ ಕೇಳಿದ್ದರು:

“ಯಜಮಾನ್ರ, ಬೋರ್ಡ್ ಬಾಯಿಪಾಠ ಆತೇನ್ರಿ?”

ಯಜಮಾನರು ನಕ್ಕಿದ್ದರು. ನಾವೂ ನಕ್ಕು ಮರೆತೆವು ಎಂದುಕೊಂಡಿದ್ದೆ.

ನಮ್ಮ ರಾಜ್ಯ ತಂಡದಲ್ಲಿ ಆಗ ಒಬ್ಬ ಆರಂಭಿಕ ಬ್ಯಾಟ್ಸ್‌ಮನ್ ಇದ್ದ. ದೇಶದ ತಂಡಕ್ಕೆ ಅವನನ್ನು ಯಾರೂ ಕರೆಯಲಿಲ್ಲ, ಪೇಪರಿನಲ್ಲಿ ಅವನ ಫೋಟೋ ಬಂದದ್ದೂ ಕಡಿಮೆ. ಯಜಮಾನರಿಗೆ ಅವನೆಂದರೆ ಪ್ರಾಣ. ಅಂಗಡಿಯನ್ನು ಹುಡುಗರಿಗೆ ಬಿಟ್ಟು, ಚಿತ್ರಾನ್ನ ಕಟ್ಟಿಕೊಂಡು, ಖಾಲಿ ಸ್ಟೇಡಿಯಮ್ಮಿನಲ್ಲಿ ಕೂತು ಅವನ ಆಟ ನೋಡಿ ಬರುತ್ತಿದ್ದರು. “ಹೊಸ ಚೆಂಡನ್ನ ಹಳೇದು ಮಾಡಿ ಕೊಡ್ತಾನೆ ಮೇಷ್ಟ್ರೇ. ಆಮೇಲೆ ಬಂದೋರು ಹೊಡೀತಾರೆ, ಹೆಸರು ಅವರಿಗೆ,” ಎನ್ನುತ್ತಿದ್ದರು.

ಇಂಟರ್‌ನೆಟ್ಟಿನಲ್ಲಿ ನಮ್ಮ ರಾಜ್ಯದ ಕ್ರಿಕೆಟ್ ಬಗ್ಗೆ ಜನ ಬರೆದಾಡುವ ಒಂದು ಜಾಗವಿದೆ ಎಂದು ಅವರಿಗೆ ತೋರಿಸಿದವನು ನಾನು. ಕನ್ನಡ ಮಾತು, ಇಂಗ್ಲಿಷ್ ಅಕ್ಷರ. ಯಜಮಾನರಿಗೆ ಓದಲು ಬರುತ್ತಿತ್ತು, ಟೈಪ್ ಮಾಡಲು ಬರುತ್ತಿರಲಿಲ್ಲ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದಾಗ ನನ್ನ ಸೆಂಟರಿಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, ತಮ್ಮ ಬ್ಯಾಟ್ಸ್‌ಮನ್ ಪರವಾಗಿ ಉದ್ದುದ್ದ ಹೇಳುತ್ತಿದ್ದರು. ನಾನು ಟೈಪ್ ಮಾಡುತ್ತಿದ್ದೆ. ಹೋಗುವಾಗ ಗಂಟೆಯ ಬಾಡಿಗೆ ಕೊಡುತ್ತಿದ್ದರು. ಕಾಫಿಯಲ್ಲಿ ಹೇಗೋ, ಇದರಲ್ಲಿ ಅವರು ಚಿಕ್ಕಾಸೂ ಬಾಕಿ ಇಡಲಿಲ್ಲ.

ಆದರೆ ಅವರು ಬರೆಸಿದ್ದಕ್ಕೆ ಅಲ್ಲಿ ಯಾರೂ ಉತ್ತರ ಕೊಡುತ್ತಿರಲಿಲ್ಲ. ಮಂಡ್ಯದ ಕಡೆಯವನೊಬ್ಬ ಮಾತ್ರ ಆಗೊಮ್ಮೆ ಈಗೊಮ್ಮೆ “ಸರಿಯಾಗಿ ಹೇಳಿದ್ರಿ ಸಾರ್” ಎಂದು ಬರೆಯುತ್ತಿದ್ದ. ಯಜಮಾನರು ಬಂದು ನೋಡಿ, ಮುಖ ಸಣ್ಣಗೆ ಮಾಡಿಕೊಂಡು ಹೋಗುತ್ತಿದ್ದರು. ಬರುವುದನ್ನೇ ಬಿಟ್ಟಾರು ಎಂದು ನನಗೆ ಭಯವಾಯಿತು. ಮಧ್ಯಾಹ್ನದ ಹೊತ್ತು ನನಗಿದ್ದ ಕಾಯಂ ಗಿರಾಕಿ ಅವರೊಬ್ಬರೇ.

ಒಂದು ದಿನ ಅವರು ಮೆಟ್ಟಿಲಿಳಿದ ಮೇಲೆ, ನಾನೊಂದು ಸುಳ್ಳು ಹೆಸರು ಮಾಡಿಕೊಂಡು ಬರೆದೆ: “ಆ ಮಹಾರಾಯ ಬ್ಯಾಟಿಂಗಿಗೆ ಇಳಿದಾಗ ಪಿಚ್ಚಿನ ಮೇಲೆ ಬೀಜ ಹಾಕಿದ್ದರೆ, ಔಟಾಗುವಷ್ಟರಲ್ಲಿ ಅವರೆಕಾಯಿ ಕೀಳಬಹುದಿತ್ತು.”

ಮರುದಿನ ಅದನ್ನು ಓದಿದ ಯಜಮಾನರ ಮುಖ ಕೆಂಪಾಯಿತು. ಕಣ್ಣಿನಲ್ಲಿ ಬೆಳಕೂ ಬಂತು. “ಬರೀರಿ ಮೇಷ್ಟ್ರೇ! ಲೋ ದಡ್ಡ, ಅವರೆಕಾಯಿ ತಿನ್ನೋಕೆ ಬಂದೋನಿಗೆ ಬ್ಯಾಟಿಂಗ್ ಏನ್ ಗೊತ್ತು ಅಂತ ಹಾಕಿ!” ನಾನು ಗಂಭೀರವಾಗಿ ಟೈಪ್ ಮಾಡಿದೆ. ಅವರು ಹೋದ ಮೇಲೆ ಅದಕ್ಕೆ ಉತ್ತರವನ್ನೂ ನಾನೇ ಟೈಪ್ ಮಾಡಿದೆ. ಹೀಗೆ ಒಂದು ಮಳೆಗಾಲದಿಂದ ಚಳಿಗಾಲದವರೆಗೆ ನಡೆಯಿತು. ಬಾಡಿಗೆಗೋಸ್ಕರ ಮಾಡಿದೆ ಎಂದರೆ ಅರ್ಧ ಸತ್ಯ. ನನಗೆ ಅದು ರುಚಿಸಿತು. ಜೀವಮಾನವೆಲ್ಲ ಬೇರೆಯವರ ಅರ್ಜಿ, ಬೇರೆಯವರ ಕರಾರುಪತ್ರ ಟೈಪ್ ಮಾಡಿದವನು ನಾನು. ಮೊದಲ ಸಲ ನನ್ನ ಮಾತಿಗೆ ಒಬ್ಬ ಮನುಷ್ಯ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ.

ಒಂದು ಮಧ್ಯಾಹ್ನ, ಸೆಂಟರಿನಲ್ಲಿ ಕಾಲೇಜು ಹುಡುಗಿಯರು ಕೂತಿದ್ದಾಗ, ಯಜಮಾನರು ಚಿಲ್ಲರೆ ಕೊಡುತ್ತ ಗಟ್ಟಿಯಾಗಿ ಅಂದರು: “ನಿಮ್ಮ ಅಂಗಡಿ ದೀಪ ಉರೀತಿರೋದೇ ನನ್ನಿಂದ, ಅಲ್ವಾ ಮೇಷ್ಟ್ರೇ?” ಅದು ತಮಾಷೆ. ನನಗೆ ಚುಚ್ಚಿತು. ಅವರು ಹೋದ ಕೂಡಲೇ ಸುಳ್ಳು ಹೆಸರಿನಲ್ಲಿ ಬರೆದೆ: “ಟೂ ಬೈ ತ್ರೀ ಕಾಫಿಗೆ ಟೋಕನ್ ತೆಗೆಯಬೇಕಾದಾಗ ಗೋಡೆಯ ಮೇಲಿನ ಪಟ್ಟಿ ಓದುವವರು ಕ್ರಿಕೆಟ್ ಬಗ್ಗೆ ಮಾತಾಡಬಾರದು.”

ಕಳಿಸಿದ ಮೇಲೆಯೇ ನನಗೆ ಹೊಳೆದದ್ದು: ಆ ಪಟ್ಟಿಯ ವಿಷಯ ಗೊತ್ತಿರುವವರು ಪ್ರಪಂಚದಲ್ಲಿ ಇಬ್ಬರೇ. ಅಳಿಸಲು ನೋಡಿದೆ, ಆಗಲಿಲ್ಲ.

ಯಜಮಾನರು ಮರುದಿನ ಓದಿ, ಏನೂ ಬರೆಸದೆ ಎದ್ದು ಹೋದರು. ನನ್ನ ಮೇಲೆ ಅವರಿಗೆ ಅನುಮಾನ ಹೇಗೆ ಬಂದೀತು? ಅವರ ಪರವಾಗಿ ಟೈಪ್ ಮಾಡುತ್ತಿದ್ದ ಕೈ ನನ್ನದೇ ಅಲ್ಲವೇ. ಗದಗಿನವರ ಆಫೀಸಿನಲ್ಲಿ ಕಂಪ್ಯೂಟರ್ ಇತ್ತು. ಹಿಂದೆ ಆ ಬೋರ್ಡಿನ ಮಾತು ಆಡಿದವರೂ ಅವರೇ.

ಅಂದು ಸಂಜೆ ದರ್ಶಿನಿಯಲ್ಲಿ ಗದಗಿನವರು ಎಂದಿನಂತೆ ನಮ್ಮ ಪಕ್ಕಕ್ಕೆ ಬಂದು ನಿಂತರು. ಯಜಮಾನರು ಪಟ್ಟಿಯ ಕಡೆ ನೋಡದೆ ನೇರ ಕೌಂಟರಿಗೆ ಹೋಗಿ ನೋಟು ಇಟ್ಟರು.

“ಒಂದು ಬೈ ಟು ಕಾಫಿ.”

“ಮೂರು ಜನ ಅಲ್ವಾ ಸಾರ್?” ಎಂದ ಕೌಂಟರಿನವನು.

“ಇಲ್ಲಪ್ಪ. ನಾನೂ ಮೇಷ್ಟ್ರೂ. ಇಬ್ರೇ.”

ಗದಗಿನವರು ನನ್ನನ್ನು ನೋಡಿದರು. ನಾನು ಟೋಕನ್ ನೋಡಿದೆ. ಅವರು ತಮಗೊಂದು ಫುಲ್ ಕಾಫಿ ತೆಗೆದುಕೊಂಡು, ದೂರದ ಮೇಜಿನ ಹತ್ತಿರ ನಿಂತು, ಸುಡುಸುಡುವುದನ್ನೇ ಕುಡಿದು ಹೊರಟುಹೋದರು. ಮತ್ತೆ ಬರಲಿಲ್ಲ. ನಾನು ಆ ವಾರವೆಲ್ಲ ಬೈ ಟು ಕುಡಿದೆ, ಯಜಮಾನರ ದುಡ್ಡಿನಲ್ಲಿ.

ಭಾನುವಾರ ಬೆಳಿಗ್ಗೆ ಯಜಮಾನರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಸೆಂಟರಿಗೆ ಬಂದರು. ಬೇರೆ ಯಾರೂ ಇರಲಿಲ್ಲ.

“ಬರೀರಿ ಮೇಷ್ಟ್ರೇ. ಈ ಸುಳ್ಳು ಹೆಸರಿನ ಹಿಂದೆ ಇರೋನು ಯಾರು ಅಂತ ಗೊತ್ತಾಯ್ತು. ಅವನ ಹೆಸರು, ಆಫೀಸು, ಎಲ್ಲಾ ಹಾಕಿ. ಮಧ್ಯಾಹ್ನ ಭಾವಮೈದುನನ ಮನೇಲಿ ಊಟ. ಅಲ್ಲೇ ಹೇಳ್ಬಿಡ್ತೀನಿ, ತಿಂಗಳಲ್ಲಿ ಮನೆ ಖಾಲಿ ಮಾಡ್ಸು ಅಂತ.”

ಗದಗಿನವರಿಗೆ ಇನ್ನೂ ಅಂಗನವಾಡಿಗೆ ಹೋಗುವ ಮಗು. ಹೆಂಡತಿಗೆ ಈ ಊರಿನ ಬಸ್ಸಿನ ನಂಬರುಗಳೂ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಬೆರಳು ಕೀಲಿಗಳ ಮೇಲೆ ಸರಿಯಾದ ಜಾಗದಲ್ಲಿ ಕೂತಿದ್ದವು, ಒತ್ತಲು ಆಗಲಿಲ್ಲ.

“ಯಾಕ್ ನಿಲ್ಸಿದ್ರಿ?”

“ಆಳು ತಪ್ಪು ಯಜಮಾನ್ರೇ.”

“ಏನ್ರೀ ತಪ್ಪು? ಅವನಲ್ದೆ ಇನ್ಯಾರು?”

ಬಾಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಅವರ ಖಾತೆಯಿಂದ ಹೊರಗೆ ಬಂದು, ಅವರ ಕಣ್ಣೆದುರಿಗೇ ಆ ಸುಳ್ಳು ಹೆಸರು ಟೈಪ್ ಮಾಡಿದೆ, ಪಾಸ್‌ವರ್ಡ್ ಹಾಕಿದೆ, ಒಳಗೆ ಹೋದೆ. ನಾನು ಬರೆದದ್ದೆಲ್ಲ ಸಾಲಾಗಿ ಬಂತು. ಯಜಮಾನರು ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ ನೋಡಿದರು.

“ಇದರೊಳಗೆ ನೀವು ಹೆಂಗ್ ಹೋದ್ರಿ?”

“ನನ್ನದೇ ಯಜಮಾನ್ರೇ.”

“ಅವರೆಕಾಯಿ?”

“ನಾನೇ.”

“ಆ ಟೋಕನ್ನಿಂದು?”

“ಅದೂ ನಾನೇ.”

ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದಿದ್ದರೆ ತಡೆಯುತ್ತಿರಲಿಲ್ಲ. ಅವರು ಸಣ್ಣ ದನಿಯಲ್ಲಿ ಕೇಳಿದರು: “ಆ ಮಂಡ್ಯದ ಹುಡ್ಗ? ನನ್ನ ಪರ ಬರೀತಿದ್ನಲ್ಲ, ಅವನೂ ನೀವೇನಾ?”

“ಅವನು ನಾನಲ್ಲ. ತಾಯಾಣೆ ನಾನಲ್ಲ. ಅವನು ನಿಜವಾದ ಮನುಷ್ಯ.”

“ಸದ್ಯ,” ಎಂದು ಕುರ್ಚಿಗೆ ಒರಗಿದರು. ಆ ಒಂದು ಮಾತು ಕೇಳಿ ನನಗೆ ಅಳು ಬಂತು. ಅವರ ಸಿಟ್ಟಿಗೆ ನಾನು ಸಿದ್ಧನಾಗಿದ್ದೆ, ಈ ಮಾತಿಗೆ ಸಿದ್ಧನಾಗಿರಲಿಲ್ಲ.

ಆಮೇಲೆ ಎದ್ದರು. “ಶಟರ್ ಎಳೀರಿ. ಬಿಟಿಎಮ್ಮಿಗೆ ಹೋಗೋಣ. ಊಟ ಹಾಳಾಗ್ಲಿ.”

ಸ್ಕೂಟರಿನ ಹಿಂದೆ ಕೂತೆ. ಈಸ್ಟ್ ಎಂಡ್ ಸರ್ಕಲ್ ದಾಟಿದ ಮೇಲೆ ಅವರು ಸಿಗ್ನಲ್ಲಿನಲ್ಲಿ ತಿರುಗದೆಯೇ ಕೇಳಿದರು: “ನಾನು ನಿಜವಾಗ್ಲೂ ಬೋರ್ಡ್ ಓದ್ತಾ ನಿಲ್ತೀನಾ?”

“ನಿಲ್ತೀರಿ.”

“ಬೇಕು ಅಂತ ಅಲ್ಲ ಕಣ್ರೀ. ಅಂಗಡೀಲಿ ಇಡೀ ದಿನ ದುಡ್ಡು ಎಣಿಸಿ ಎಣಿಸಿ...” ಎಂದು ಶುರುಮಾಡಿ, ಹಸಿರು ದೀಪ ಬಂದದ್ದಕ್ಕೆ ಬಿಟ್ಟುಬಿಟ್ಟರು.

ಗದಗಿನವರು ಬನಿಯನ್ನಿನಲ್ಲಿ ನಿಂತು ಬಟ್ಟೆ ಒಣಗಿಸುವ ಹಗ್ಗ ಕಟ್ಟುತ್ತಿದ್ದರು. ನಮ್ಮನ್ನು ನೋಡಿ, ಹಗ್ಗ ಬಿಡದೆ, “ಬರ್ರಿ,” ಎಂದರು. ಕರೆದ ದನಿಯಲ್ಲಿ ಆದರವಿರಲಿಲ್ಲ.

“ತಪ್ಪಾಯ್ತು,” ಎಂದರು ಯಜಮಾನರು ಬಾಗಿಲಲ್ಲೇ ನಿಂತು. “ಅದು ನೀವಲ್ಲ ಅಂತ ಈಗ ಗೊತ್ತಾಯ್ತು.”

“ಯಾವುದು ನಾನಲ್ರಿ?”

ಆಗ ನಮಗೆ ತಿಳಿದದ್ದು, ಆ ಮನುಷ್ಯನಿಗೆ ತನ್ನ ಮೇಲಿದ್ದ ಆಪಾದನೆಯೇ ಗೊತ್ತಿರಲಿಲ್ಲ. “ಬಾಡಿಗಿ ಏರಸಬೇಕಾಗೇತಿ, ಅದನ್ನ ಬಾಯಿಬಿಟ್ಟು ಹೇಳಾಕ ನಾಚಿಕಿ, ಅದಕ್ಕ ಮಾರಿ ತಿರುವ್ಯಾರ ಅಂತ ತಿಳ್ಕೊಂಡೆ. ನಮ್ಮಾಕಿ ಆಗಲೇ ಬ್ಯಾರೆ ಮನಿ ಕೇಳಾಕತ್ತಾಳ.”

ಒಳಗೆ ಅವರ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಕೇಳಿಸಿತು. ನಾನು ಮುಂದೆ ಬಂದು ಎಲ್ಲವನ್ನೂ ಹೇಳಿದೆ, ಈ ಸಲ ಬಾಯಿಂದಲೇ. ಅವರೆಕಾಯಿಯ ಮಾತಿಗೆ ಅವರ ತುಟಿ ಸ್ವಲ್ಪ ಅಲುಗಿತು. ಆಮೇಲೆ ಹಗ್ಗ ಕೈಬಿಟ್ಟು ನನ್ನ ಕಡೆ ತಿರುಗಿದರು.

“ನೀವು ಬರದದ್ದಕ್ಕ ನನಗ ಸಿಟ್ಟಿಲ್ರಿ ಮೇಷ್ಟ್ರ. ಬರಕೋರ್ರಿ, ಬೈಕೋರ್ರಿ. ಆವತ್ತ ನಾ ಒಬ್ಬಾವನ ಆ ಮೂಲ್ಯಾಗ ನಿಂತು ಕಾಫಿ ಕುಡಿಯೋ ಮುಂದ, ಎಲ್ಲಾ ಗೊತ್ತಿದ್ದೂ ನೋಡ್ಕೋತ ನಿಂತಿದ್ರಲ್ಲ? ಅದಕ್ಕ ಸಿಟ್ಟು.”

ಯಜಮಾನರು ಒಳಗಿನ ಕಡೆಗೆ ದನಿಯೆತ್ತಿ, “ಅಮ್ಮಾ, ಮನೆ ಎಲ್ಲೂ ನೋಡ್ಬೇಡಿ. ಬಾಡಿಗೇನೂ ಅಷ್ಟೇ ಇರುತ್ತೆ. ನಾನು ಹೇಳ್ತಿದೀನಿ,” ಎಂದರು. ಪಾತ್ರೆಯ ಸದ್ದು ಮತ್ತೆ ಶುರುವಾಯಿತು. ನನ್ನ ಎದೆಯ ಮೇಲಿನ ಕಲ್ಲು ಇಳಿದದ್ದು ಆಗಲೇ.

ಹೊರಡುವಾಗ ಯಜಮಾನರು ಸ್ಕೂಟರಿನ ಕಿಕ್ ಒದ್ದು, “ನೀವು ಬಸ್ಸಲ್ಲಿ ಹೋಗಿ,” ಎಂದು ನನ್ನನ್ನು ಬಿಟ್ಟು ಹೋದರು. ಅದು ನ್ಯಾಯವೇ. ನಾನು ಮುಖ್ಯರಸ್ತೆಯ ಕಡೆ ನಡೆಯತೊಡಗಿದೆ. ಬಹಳ ದಿನಗಳ ಮೇಲೆ ಹೊಟ್ಟೆ ಹಸಿದಿತ್ತು.

ಹಿಂದಿನಿಂದ ಚಪ್ಪಲಿಯ ಸದ್ದು. ಗದಗಿನವರು ಬನಿಯನ್ನಿನ ಮೇಲೆ ಶರಟಿನ ಗುಂಡಿ ಹಾಕಿಕೊಳ್ಳುತ್ತ ಬರುತ್ತಿದ್ದರು.

“ಅತ್ಲಾಗ ಎಲ್ಲಿ ಹೊಂಟೀರಿ? ಆ ಸ್ಟಾಪಿಗೆ ಜಯನಗರದ ಬಸ್ ಬರಂಗಿಲ್ಲ. ರೋಡ್ ಅಗದಾರ. ಈ ಕಡೆ ಬರ್ರಿ.”

ನಾನು ತಿರುಗಿ ಅವರ ಜೊತೆ ನಡೆದೆ. ಅವರು ದಾರಿಯುದ್ದಕ್ಕೂ ಬೈಯುತ್ತಲೇ ಬಂದರು: ವಯಸ್ಸಾದವರು ಮಾಡುವ ಕೆಲಸವೇನ್ರಿ ಇದು, ನಿಮಗ ಮಾಡಾಕ ಬ್ಯಾರೆ ಕೆಲಸ ಇದ್ದಿಲ್ಲೇನು, ಮೇಷ್ಟ್ರು ಅಂತಾರ ನಿಮಗ. ನಾನು ಹ್ಞೂಂ, ಹ್ಞೂಂ ಎನ್ನುತ್ತಿದ್ದೆ. ಬಸ್ಸು ಬಂದು, ನಾನು ಹತ್ತಿ, ಕಿಟಕಿಯ ಪಕ್ಕ ಕೂತ ಮೇಲೂ ಅವರು ಕೆಳಗೆ ನಿಂತು ಏನೋ ಹೇಳುತ್ತಲೇ ಇದ್ದರು. ಎಂಜಿನ್ ಸದ್ದಿಗೆ ಕೇಳಿಸಲಿಲ್ಲ. ಕಿವಿಗೆ ಕೈಹಚ್ಚಿ ತೋರಿಸಿದೆ. ಅವರು ಬೇಸರದಿಂದ ಕೈ ಒದರಿ, ಆಮೇಲೆ ಬಾಯಿಯ ಸುತ್ತ ಕೈ ಮಾಡಿ ಕೂಗಿದರು:

“ನಾಳೆ ಹೇಳ್ತೀನಿ!”