ಅತ್ಯಾನ ಮುಖದ ಮೇಲಿನ ಹಾರ

ಆ ಫೋಟೋ ನೆನಪಾದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ. ಹಳೆಯದಲ್ಲ, ಹೊಸದು. ಸಿಂದಗಿಯಲ್ಲಿ ನನ್ನ ಸೋದರಮಾವನ ಮಗ ಕಟ್ಟಿಸಿದ ಹೊಸ ಮನೆಯಲ್ಲಿ, ಟಿವಿಯ ಮೇಲಿನ ಗೋಡೆಗೆ, ಬಂಗಾರದ ಬಣ್ಣದ ಚೌಕಟ್ಟಿನೊಳಗೆ ಮಿರಿಮಿರಿ ಮಿಂಚುತ್ತ ಕೂತಿದೆ ಅದು.

ಹಳೆಯದರ ಕಥೆ ಮೊದಲು ಹೇಳಬೇಕು. ಇಂಗ್ಲಿಷರು ಇನ್ನೂ ಇದ್ದ ಕಾಲದಲ್ಲಿ ನನ್ನ ತಾಯಿಯ ಅಪ್ಪ ದೇವರ ಹಿಪ್ಪರಗಿಯಿಂದ ಗಾಡಿ ಕಟ್ಟಿಸಿಕೊಂಡು ಬಿಜಾಪುರಕ್ಕೆ ಹೋಗಿ, ಸ್ಟುಡಿಯೊದಲ್ಲಿ ತೆಗೆಸಿದ ಫೋಟೋ. ಹಿಂದೆ ಪರದೆಯ ಮೇಲೆ ಬರೆದ ಅರಮನೆಯ ಕಂಬಗಳು. ಕುರ್ಚಿಯಲ್ಲಿ ಕರಿ ಕೋಟು, ರುಮಾಲಿನ ಅಜ್ಜ. ಪಕ್ಕದಲ್ಲಿ ಮೈತುಂಬ ದಾಗೀನು ಹಾಕಿಕೊಂಡ ಅಜ್ಜಿ. ಬಲತುದಿಗೆ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಎರಡು ವರ್ಷದ ನನ್ನ ಅವ್ವನನ್ನು ತೊಡೆಯ ಮೇಲೆ ಕೂಡಿಸಿಕೊಂಡವಳು ಅಜ್ಜನ ಅಕ್ಕ. ಅವ್ವನಿಗೆ ಅವಳು ಅತ್ಯಾ. ಹದಿನಾಲ್ಕು ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು ತವರಿಗೆ ಬಂದವಳು. ಅವ್ವನನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವಳು ಅವಳೇ.

ಅವಳನ್ನು ಫೋಟೋ ತೆಗೆಸಲು ಕರೆದೊಯ್ದಿರಲಿಲ್ಲ, ಕೂಸು ಹಿಡಿಯಲು ಕರೆದೊಯ್ದಿದ್ದರು. ಆದರೆ ಕೂಸು ಅಜ್ಜಿಯ ತೊಡೆಯ ಮೇಲೆ ಒಂದು ಗಳಿಗೆಯೂ ಸುಮ್ಮನೆ ಕೂಡಲಿಲ್ಲ. ಅಲುಗಾಡಿದರೆ ಮುಖ ಮಸುಕಾಗುತ್ತದೆ ಎಂದು ಫೋಟೋದವನು ಎರಡು ಸಲ ಹೇಳಿ ನೋಡಿ, ಕೊನೆಗೆ ಬಾಗಿಲ ಹೊರಗೆ ನಿಂತಿದ್ದ ಅವಳನ್ನೇ ಒಳಗೆ ಕರೆದು ಕೂಡಿಸಿದನಂತೆ. ಅಜ್ಜ ಮುಖ ಸಿಂಡರಿಸಿಕೊಂಡದ್ದು ಫೋಟೋದಲ್ಲೂ ಕಾಣುತ್ತಿತ್ತು. ಹೀಗೆ, ಕೂಸು ಅತ್ತದ್ದರಿಂದ, ಆ ಹೆಂಗಸು ಬದುಕಿನಲ್ಲಿ ಒಂದೇ ಒಂದು ಸಲ ಫೋಟೋದಲ್ಲಿ ಬಂದಳು.

ಅಜ್ಜ ಇರುವವರೆಗೆ ಅದು ಟ್ರಂಕಿನ ತಳದಲ್ಲಿತ್ತು. ಮೂವರೂ ತೀರಿದ ಮೇಲೆ ನನ್ನ ಮಾವ ಅದನ್ನು ಪಡಸಾಲೆಯಲ್ಲಿ ತೂಗುಹಾಕಿದ. ಆಗ ಮಾಮಿ ತಕರಾರು ತೆಗೆದಳು, ಬೆಳಿಗ್ಗೆ ಎದ್ದ ಕೂಡಲೇ ಬೋಡಕಿಯ ಮುಖ ನೋಡುವುದು ಹೇಗೆ ಎಂದು. ಉಪಾಯವನ್ನೂ ಅವಳೇ ಹುಡುಕಿದಳು. ಅಜ್ಜನಿಗೆ ಸಲ್ಲಬೇಕಾದ ಹಾರವನ್ನು ಚೌಕಟ್ಟಿನ ಬಲಗಡೆಗೆ ಸಿಕ್ಕಿಸಿ, ಸರಿಯಾಗಿ ಅತ್ಯಾನ ಮುಖದ ಮೇಲೆ ಬೀಳುವಂತೆ ಇಳಿಬಿಟ್ಟಳು. ಕೆಳಗೆ ತೊಡೆಯ ಮೇಲೆ ಕೂತ ಅವ್ವ ಇನ್ನೂ ಬದುಕಿದ್ದಾಳಲ್ಲ, ಅವಳಿಗೆ ತಾಗದಂತೆ ಅಳತೆ ಮಾಡಿ ಗಂಟು ಹಾಕಿದಳು. ಜೀವಮಾನವಿಡೀ ಮಡಿಯಲ್ಲಿ ಆ ಮನೆಯ ದೇವರಿಗೆ ನೈವೇದ್ಯ ಬೇಯಿಸಿದ ಹೆಂಗಸು ಅತ್ಯಾ. ಅವಳ ಕೈ ದೇವರಿಗೆ ನಡೆಯುತ್ತಿತ್ತು, ಮುಖ ಮಾತ್ರ ಮನುಷ್ಯರಿಗೆ ನಡೆಯುತ್ತಿರಲಿಲ್ಲ. ಥೂ!

ಅವ್ವ ತವರಿಗೆ ಹೋದಾಗಲೆಲ್ಲ ಮೊದಲು ಆ ಫೋಟೋದ ಮುಂದೆ ನಿಲ್ಲುತ್ತಿದ್ದಳು. ತೋರುಬೆರಳಿನಿಂದ ಹಾರ ಸರಿಸಿ ನೋಡುತ್ತಿದ್ದಳು. ಮಾಮಿ ಅಡುಗೆಮನೆಯ ಬಾಗಿಲಿನಿಂದಲೇ, “ನೋಡಿದ್ದಾತಲ್ಲ? ಮತ್ತ ಮೊದಲಿನ್ಹಂಗ ಬಿಡ್ರಿ” ಎನ್ನುವಳು. ಅವ್ವ ಬಿಡುವಳು. ಜಗಳ ಅವ್ವನ ಜಾಯಮಾನದಲ್ಲೇ ಇಲ್ಲ. ಅವಳ ಪಾಲಿನದೂ ಸೇರಿ ಅದೆಲ್ಲ ನನಗೇ ಬಂದಿದೆ.

ಈಗ ಅವ್ವನಿಗೆ ಎಂಬತ್ತು ದಾಟಿದೆ. ಐದಾರು ವರ್ಷದಿಂದ ಕಣ್ಣಿಗೆ ಪೊರೆ ಬಂದು ಎಲ್ಲವೂ ಮಬ್ಬಾಗಿತ್ತು. ಹೋದ ತಿಂಗಳು ಎರಡನೆಯ ಕಣ್ಣಿನದೂ ತೆಗೆಸಿದೆವು. ಪಟ್ಟಿ ಬಿಚ್ಚಿದ ದಿನ ಅವಳು ಕೇಳಿದ್ದು ಒಂದೇ.

“ಅತ್ಯಾನ ಮಾರಿ ಒಮ್ಮೆ ಸರಿಯಾಗಿ ನೋಡಬೇಕವಾ. ನೆನಸಿಕೊಂಡ್ರ ತಲಿ ಅಷ್ಟ ಬರ್ತದ, ಮಾರಿ ಬರವಲ್ದು.”

ತಲೆ ಎಂದರೆ ಬೋಳುತಲೆ. ಚಿಕ್ಕವಳಿದ್ದಾಗ ಅವ್ವ ಸೆರಗಿನೊಳಗೆ ಕೈ ಹಾಕಿ ಅದನ್ನು ಸವರುತ್ತಿದ್ದಳಂತೆ. ಕೊಯ್ದ ಹೊಲದ ಜೋಳದ ಕೂಳೆಯ ಹಾಗೆ ಅಂಗೈಗೆ ಚುಚ್ಚುತ್ತಿತ್ತಂತೆ.

ಅಷ್ಟರಲ್ಲಿ ಸಿಂದಗಿಯಿಂದ ವಾಸ್ತುಶಾಂತಿಯ ಕರೆಯೂ ಬಂತು. ಅವ್ವ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ತೆಗೆಸಿ ಉಟ್ಟಳು. ಇಂಡಿಯಿಂದ ಬೆಳಗಿನ ಬಸ್ಸಿಗೆ ಹೊರಟೆವು.

ಹೊಸಿಲು ದಾಟುವುದೇ ತಡ, ಮಾವನ ಮಗ ನನ್ನ ಕೈ ಹಿಡಿದು ಎಳೆದುಕೊಂಡು ಹೋದ.

“ಅಕ್ಕಾ, ನೋಡಿಲ್ಲೆ. ಕಂಪ್ಯೂಟರ್‌ನ್ಯಾಗ ಹೆಂಗ ಮಾಡಿಸೇನಿ! ಇನ್ನ ಹಾರದ ಕಿರಿಕಿರಿನ ಇಲ್ಲ.”

ನೋಡಿದೆ. ಅಜ್ಜನ ಕೆನ್ನೆಗೆ ಗುಲಾಬಿ ಬಣ್ಣ ಬಳಿದಿದ್ದರು. ಅತ್ಯಾನ ಸೆರಗು ಹೆಗಲಿಗೆ ಇಳಿದಿತ್ತು. ತಲೆಯ ತುಂಬ ದಟ್ಟ ಕರಿ ಕೂದಲು, ನಡುವೆ ಬೈತಲೆ, ಕಿವಿಯ ಪಕ್ಕ ಮಲ್ಲಿಗೆ. ಹಣೆಯಲ್ಲಿ ನಾಣ್ಯದಷ್ಟು ಕುಂಕುಮ, ಕೊರಳಲ್ಲಿ ಕರಿಮಣಿ, ಕೈಯಲ್ಲಿ ಹಸಿರು ಬಳೆ. ತಿಂಗಳಿಗೊಮ್ಮೆ ಹಿತ್ತಲಲ್ಲಿ ಕೂಡಿಸಿ ಅವಳ ತಲೆ ಬೋಳಿಸಿದ ಮನೆತನ, ಅವಳು ಸತ್ತು ಎಷ್ಟೋ ವರ್ಷವಾದ ಮೇಲೆ ತನ್ನ ಗೋಡೆ ಚೆಂದ ಕಾಣಲೆಂದು ಕೂದಲು ಕೊಟ್ಟಿತ್ತು.

“ಹಳೀದು ಎಲ್ಲೈತೊ?” ಎಂದೆ.

“ಸಾಮಾನು ಸಾಗಿಸುವಾಗ ಗಾಜು ಒಡೀತು. ಒಡದ ಫೋಟೋ ಹೊಸ ಮನಿಯಾಗ ಇಡಬಾರದಂದ್ರು. ಹಳೀ ದೇವರ ಫೋಟೋದ ಜೋಡಿ ಭೀಮಾ ನದಿಗೆ ಬಿಟ್ಟ ಬಂದೆ.”

ಎಷ್ಟು ಭಕ್ತಿಯಿಂದ ಹೇಳಿದ ಎಂದರೆ, ಕಪಾಳಕ್ಕೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಬಣ್ಣ ಹಾಕಿದ ಸ್ಟುಡಿಯೊದವನ ನಂಬರು ಇಸಿದುಕೊಂಡು ಅಲ್ಲೇ ಫೋನ್ ಮಾಡಿದೆ. ಅವನು ಪಾಪ ಮರ್ಯಾದೆಯಿಂದಲೇ ಮಾತಾಡಿದ. “ಹಳೀದರ ಸ್ಕ್ಯಾನ್ ಅಳಿಸಿಬಿಡ್ತೇವ್ರಿ. ಈಗ ಫೈನಲ್ ಮಾಡಿದ್ದಷ್ಟ ಐತ್ರಿ. ಆ ಅಮ್ಮಾರ ತುಟಿ ಕೆಳಗ ಒಂದು ಕರೀ ಕಲಿ ಇತ್ತು, ಅದನ್ನೂ ಸ್ವಚ್ಛ ತಗದೇನ್ರಿ.”

ಅದು ಕಲೆಯಲ್ಲ, ಅವಳ ಮಚ್ಚೆ.

ನಾನು ಫೋನ್ ಇಡುವಷ್ಟರಲ್ಲಿ ಅವ್ವ ಫೋಟೋದ ಕೆಳಗೆ ಬಂದು ನಿಂತಿದ್ದಳು. ರೂಢಿಯಂತೆ ಅವಳ ತೋರುಬೆರಳು ಬಲತುದಿಗೆ ಹೋಯಿತು. ಸರಿಸಲು ಅಲ್ಲಿ ಹಾರವಿರಲಿಲ್ಲ. ಬಹಳ ಹೊತ್ತು ನೋಡಿದಳು.

“ಈಕಿ ಯಾರ?”

“ನಿಮ್ಮ ಅತ್ಯಾನ ಅಲ್ಲೇನ್ರಿ!” ಎಂದು ಮಾವನ ಮಗ ನಕ್ಕ.

“ಅಲ್ಲಪಾ” ಎಂದಳು ಅವ್ವ. ಹೋಗಿ ಚಾಪೆಯ ಮೇಲೆ ಕೂತಳು.

ಹೋಳಿಗೆ ಬಡಿಸಿದರು. ನಾನು ಎರಡು ತಿಂದೆ, ಮನೆ ಚೆಂದಾಗಿದೆ ಎಂದೂ ಹೇಳಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮಧ್ಯಾಹ್ನದ ಬಸ್ಸಿನಲ್ಲಿ ಫೋನು ಕೆದಕಿದೆ. ಕೆಲವು ವರ್ಷದ ಹಿಂದೆ ಆ ಹಳೆಯ ಪಡಸಾಲೆಯಲ್ಲಿ, ಅದೇ ಫೋಟೋದ ಕೆಳಗೆ ಮಾವ ಮಾಮಿಯರನ್ನು ಕೂಡಿಸಿ ಒಂದು ಚಿತ್ರ ತೆಗೆದಿದ್ದೆ. ಸಿಕ್ಕಿತು. ಹಿಗ್ಗಿಸಿದೆ. ಅಜ್ಜನ ರುಮಾಲು, ಅವ್ವನ ದುಂಡು ಮುಖ, ಅವಳ ಹೊಟ್ಟೆಯ ಸುತ್ತ ಅತ್ಯಾನ ಬಳೆಯಿಲ್ಲದ ಎರಡು ಕೈ. ಮೇಲೆ ಪ್ಲಾಸ್ಟಿಕ್ ಚೆಂಡುಹೂವಿನ ಹಾರ. ಆ ದಿನ ಗಾಳಿಗೆ ಅದು ವಾರೆಯಾಗಿತ್ತು. ಚಿತ್ರ ನೀಟಾಗಿ ಬರಲೆಂದು ಸ್ಟೂಲು ಹತ್ತಿ ಅದನ್ನು ಮತ್ತೆ ಅವಳ ಮುಖದ ಮೇಲೆ ಸರಿಯಾಗಿ ಎಳೆದಿಟ್ಟವಳು ನಾನೇ.

ಅವ್ವ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಹೊಸ ಕಣ್ಣಿಗೆ ಹತ್ತಿರ ಹಿಡಿದಳು. “ಹಾಂ, ಈಕಿನ” ಎಂದಳು. ತೋರುಬೆರಳನ್ನು ಹಾರದ ಮೇಲಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಹಾರದ ಜೊತೆ ಅತ್ಯಾನೂ ಸರಿದು ಹೋದಳು.